ಆ ಕೊಡಲಿಯ ಕಥೆ ಯಾರಿಗೆ ಬೇಕಿತ್ತು?

ಜಾನ್ ಕಾರ್ಪೆಂಟರ್ ನಿರ್ದೇಶಿಸಿದ 1982ರ ‘ದಿ ಥಿಂಗ್’ ಚಿತ್ರದ ಮೊದಲ ಭಾಗದಲ್ಲಿಯೇ, ಅಂಟಾರ್ಕ್ಟಿಕಾದ ಅಮೆರಿಕನ್ ಸಂಶೋಧನಾ ಶಿಬಿರದ ಇಬ್ಬರು, ನಾರ್ವೆಯವರ ಶಿಬಿರಕ್ಕೆ ಏನಾಯಿತೆಂದು ನೋಡಿಬರಲು ಹೆಲಿಕಾಪ್ಟರಿನಲ್ಲಿ ಹೋಗುವ ದೃಶ್ಯವಿದೆ. ಅವರು ತಲುಪುವ ಹೊತ್ತಿಗೆ ಶಿಬಿರವೇ ಸುಟ್ಟು ಕರಕಲಾಗಿದೆ. ಒಳಗೆ ಬಾಗಿಲಿಗೆ ನಾಟಿಕೊಂಡ ಒಂದು ಕೊಡಲಿ ಇದೆ. ಕುರ್ಚಿಯಲ್ಲಿ ಕುಳಿತಂತೆಯೇ ಕತ್ತನ್ನೂ ಕೈಯ ನರಗಳನ್ನೂ ಕೊಯ್ದುಕೊಂಡು ಸತ್ತವನ ದೇಹದಿಂದ ಸುರಿದ ರಕ್ತ ಅರ್ಧ ದಾರಿಯಲ್ಲಿಯೇ ಮಂಜಾಗಿ ನಿಂತಿದೆ. ನಡುವೆ ಟೊಳ್ಳಾದ, ಯಾವುದನ್ನೋ ಒಳಗಿಟ್ಟುಕೊಂಡಿದ್ದಂತೆ ಕಾಣುವ ಮಂಜುಗಡ್ಡೆಯ ದೊಡ್ಡ ಚಪ್ಪಡಿ ಇದೆ. ಹೊರಗೆ ಹಿಮದಲ್ಲಿ ಅರ್ಧ ಸುಟ್ಟ ಒಂದು ಶವ, ಎರಡು ಮುಖಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿರುವ ಶವ, ಬಿದ್ದಿದೆ. ಇಲ್ಲಿ ಏನು ನಡೆಯಿತೆಂದು ಹೇಳಲು ಯಾರೂ ಉಳಿದಿಲ್ಲ, ಚಿತ್ರವೂ ಹೇಳುವುದಿಲ್ಲ. ಕೆಲವೇ ನಿಮಿಷಗಳ ಈ ದೃಶ್ಯದಲ್ಲಿ ನೋಡುಗನ ಮನಸ್ಸು ತಾನೇ ಒಂದು ಘೋರ ರಾತ್ರಿಯನ್ನು ಕಲ್ಪಿಸಿಕೊಂಡುಬಿಡುತ್ತದೆ.

2011ರಲ್ಲಿ ಅದೇ ಹೆಸರಿನಲ್ಲಿ ಬಂದ ಪ್ರೀಕ್ವೆಲ್, ಅಂದರೆ ಅದಕ್ಕೂ ಹಿಂದಿನ ಕಥೆ, ಮಂಜಿನಿಂದ ಎದ್ದು ತಾನು ಕೊಂದವರದೇ ರೂಪ ತಾಳುವ ಅನ್ಯಗ್ರಹದ ಜೀವಿಯೊಂದರ ಎದುರು ನಾರ್ವೆಯವರು ಕಳೆದ ಆ ಕೊನೆಯ ದಿನಗಳನ್ನು ಹೇಳಲು ಹೊರಟ ಚಿತ್ರ. ಮತಾಯ್ಸ್ ವಾನ್ ಹೈನಿಂಗನ್ ಜೂನಿಯರ್ ಅವರಿಗೆ ಅದು ಮೊದಲ ಪೂರ್ಣಪ್ರಮಾಣದ ಚಿತ್ರ. ಚಿತ್ರಕಥೆ ಬರೆದವರು, ಮುಂದೆ 2016ರ ‘ಅರೈವಲ್’ ಚಿತ್ರಕಥೆಗೆ ಹೆಸರಾದ ಎರಿಕ್ ಹೈಸರರ್. ಪ್ರತಿಭೆಯ ಕೊರತೆಯಾಗಲಿ, ಹಳೆಯ ಚಿತ್ರದ ಮೇಲೆ ಭಕ್ತಿಯ ಕೊರತೆಯಾಗಲಿ ಇಲ್ಲಿ ಇರಲಿಲ್ಲ. ಆದರೂ ನೋಡಿ ಮುಗಿಸಿದಾಗ ನನಗೆ ಆದ ನಿರಾಸೆ ಸಣ್ಣದಲ್ಲ. ಅದು ಏಕೆ ಎಂಬುದನ್ನು ಬರೆದಿಡಬೇಕೆಂದು ಬಹಳ ಸಮಯದಿಂದ ಅನ್ನಿಸುತ್ತಿತ್ತು.

ಈ ಚಿತ್ರದ ಬಗ್ಗೆ ಮಾತು ಬಂದಾಗ ಹೆಚ್ಚಿನವರು ಹೇಳುವುದು, ಕೊನೆ ಗೊತ್ತಿರುವ ಕಥೆಯಲ್ಲಿ ಕುತೂಹಲ ಎಲ್ಲಿಂದ ಬರಬೇಕು ಎಂದು. ಉಡುಪಿಯಲ್ಲಿ ಹುಟ್ಟಿ ಬೆಳೆದ ನನಗೆ ಈ ಮಾತನ್ನು ಒಪ್ಪಲು ಆಗುವುದಿಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ಅಲ್ಲಲ್ಲಿ ತಾಳಮದ್ದಲೆ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಹಿಮ್ಮೇಳ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು, ಇಷ್ಟೇ. ‘ಕರ್ಣಭೇದನ’ ಪ್ರಸಂಗವಾದರೆ, ಕರ್ಣ ಕೊನೆಗೂ ಕೌರವನನ್ನು ಬಿಟ್ಟು ಬರುವುದಿಲ್ಲವೆಂದು ಸಭೆಯಲ್ಲಿ ಕುಳಿತ ಮಕ್ಕಳಿಗೂ ಗೊತ್ತು. ಆದರೂ ಕೃಷ್ಣ ಜನ್ಮರಹಸ್ಯವನ್ನು ಬಿಚ್ಚಿಟ್ಟ ಮೇಲೆ ಕರ್ಣನ ಅರ್ಥಧಾರಿ ಒಂದು ಗಳಿಗೆ ಮಾತು ನಿಲ್ಲಿಸಿದರೆ, ಇವತ್ತು ಇವನು ಒಪ್ಪಿಯೇ ಬಿಡುತ್ತಾನೋ ಏನೋ ಎಂದು ಸಭೆಗೆ ಸಭೆಯೇ ಕಾಯುತ್ತದೆ. ಏನಾಗುತ್ತದೆ ಎಂಬುದು ಗೊತ್ತಿದ್ದರೂ, ಅಲ್ಲಿಗೆ ತಲುಪಲು ಆ ಮನುಷ್ಯ ಒಳಗೆ ಏನೇನನ್ನು ಕಳೆದುಕೊಳ್ಳಬೇಕಾಯಿತು ಎಂಬುದು ಗೊತ್ತಿರುವುದಿಲ್ಲ. ಕಟ್ಟಕಡೆಗೆ ಶಿಬಿರ ಸುಟ್ಟುಹೋಗುತ್ತದೆಂದು ತಿಳಿದೇ ಕುಳಿತ ನೋಡುಗನಿಗೂ 2011ರ ಚಿತ್ರ ಅದನ್ನು ಕೊಡಬಹುದಿತ್ತು. ಅದು ಕೊಟ್ಟದ್ದು ಕೊಡಲಿ ಬಾಗಿಲಿಗೆ ಹೇಗೆ ನಾಟಿತು ಎಂಬ ವಿವರವನ್ನು.

ಪ್ರತಿಯೊಂದು ಗುರುತಿಗೂ ಒಂದೊಂದು ಲೆಕ್ಕ ಒಪ್ಪಿಸಲಾಗಿದೆ. ಕೊಡಲಿಗೆ ಒಂದು ದೃಶ್ಯ, ಮಂಜುಗಡ್ಡೆಗೆ ಒಂದು ದೃಶ್ಯ, ಎರಡು ಮುಖದ ಶವಕ್ಕೆ ಗ್ರಾಫಿಕ್ಸಿನ ಒಂದು ದೀರ್ಘ ದೃಶ್ಯ. ಆ ಶವವನ್ನು ಮೊದಲ ಬಾರಿ ಕಂಡಾಗ ನನ್ನನ್ನು ಕಾಡಿದ್ದು ಅದರ ಅಸ್ಪಷ್ಟತೆ. ಅದು ಇಬ್ಬರು ಮನುಷ್ಯರು ಒಂದಾದದ್ದೋ, ಒಬ್ಬನೇ ಇಬ್ಬರಾಗಲು ಹೊರಟದ್ದೋ, ಮುಖದಲ್ಲಿರುವುದು ಕಿರುಚಾಟವೋ ನಗುವೋ ತಿಳಿಯುವುದಿಲ್ಲ. ಪ್ರೀಕ್ವೆಲ್‌ನಲ್ಲಿ, ಎಡ್ವರ್ಡ್ ಎಂಬವನ ರೂಪದಲ್ಲಿದ್ದ ಜೀವಿ ಆಡಮ್ ಎಂಬವನ ಮೇಲೆ ಬಿದ್ದು ಅವನನ್ನು ತನ್ನೊಳಗೆ ಸೇರಿಸಿಕೊಂಡಿತು ಎಂದು ಹೆಸರು ಸಹಿತ ತೋರಿಸಿದ ಮೇಲೆ ಅದು ಬಿಡಿಸಿದ ಒಗಟು. ಹಳೆಯ ಚಿತ್ರವನ್ನು ಮತ್ತೆ ನೋಡುವಾಗಲೂ ಆ ಶವದಲ್ಲಿ ಈಗ ಮೊದಲಿನ ಭಯ ಹುಟ್ಟುತ್ತಿಲ್ಲ. ನನ್ನ ನಿಜವಾದ ದುಃಖ ಇದು.

ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ಕಾರ್ಪೆಂಟರ್ ತೋರಿಸಿದ ನಾರ್ವೆಯವರ ಆ ಪಾಳು ಶಿಬಿರ ಪ್ರತ್ಯೇಕವಾಗಿ ಕಟ್ಟಿಸಿದ ಸೆಟ್ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸ್ಟೂವರ್ಟ್ ಎಂಬ ಊರಿನ ಬಳಿ ಅಮೆರಿಕನ್ ಶಿಬಿರದ ಸೆಟ್ ಹಾಕಿ, ಚಿತ್ರದ ಕೊನೆಯ ದೃಶ್ಯಗಳಿಗಾಗಿ ಅದನ್ನು ಸ್ಫೋಟಿಸಿ ಸುಟ್ಟ ಮೇಲೆ, ಉಳಿದ ಬೂದಿ ಮತ್ತು ತೊಲೆಗಳ ನಡುವೆಯೇ ನಾರ್ವೆಯವರ ಶಿಬಿರದ ದೃಶ್ಯಗಳನ್ನು ಚಿತ್ರೀಕರಿಸಲಾಯಿತು. ಹಾಗೆಂದರೆ, ಅಮೆರಿಕನ್ ಶಿಬಿರದ ಹೆಲಿಕಾಪ್ಟರ್ ಚಾಲಕ ಮೆಕ್‌ರೆಡಿ ಚಿತ್ರದ ಆರಂಭದಲ್ಲಿ ನಡೆದಾಡುವುದು ತನ್ನದೇ ಶಿಬಿರದ ಮುಂದಿನ ಗತಿಯ ಮೇಲೆ. ಖರ್ಚು ಉಳಿಸಲು ಮಾಡಿದ ಈ ಏರ್ಪಾಟು ಚಿತ್ರಕ್ಕೆ ಎಂಥ ಆಳವನ್ನು ತಂದುಕೊಟ್ಟಿತು! ಅಂಥ ಪಾಳಿನ ಅಳತೆಗೆ ಸರಿಯಾಗಿ ಇಪ್ಪತ್ತೊಂಬತ್ತು ವರ್ಷಗಳ ನಂತರ ಹೊಸ ಸೆಟ್ ಕಟ್ಟಿ, ಯಾವ ಗೋಡೆ ಎಲ್ಲಿ, ಯಾವ ವಸ್ತು ಎಲ್ಲಿ ಎಂದು ಹಳೆಯ ಚಿತ್ರದ ಚೌಕಟ್ಟುಗಳನ್ನು ನೋಡಿ ಹೊಂದಿಸಿದವರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಆ ಶ್ರದ್ಧೆಯೆಲ್ಲ ವಸ್ತುಗಳ ಮೇಲೆ ಖರ್ಚಾಗಿ ಮನುಷ್ಯರಿಗೆ ಏನೂ ಉಳಿಯಲಿಲ್ಲ.

ಕುರ್ಚಿಯಲ್ಲಿ ಸತ್ತವನನ್ನೇ ತೆಗೆದುಕೊಳ್ಳೋಣ. ನನ್ನ ದೃಷ್ಟಿಯಲ್ಲಿ ಆ ಪಾಳಿನಲ್ಲಿದ್ದ ಎಲ್ಲ ಗುರುತುಗಳಲ್ಲಿ ಮನುಷ್ಯನ ಕಥೆ ಇದ್ದದ್ದು ಅದೊಂದರಲ್ಲಿ. ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಬೇರೇನೋ ಆಗುತ್ತಿರುವಾಗ, ತಾನು ತಾನಾಗಿರುವಾಗಲೇ ಸಾಯಬೇಕೆಂದು ತೀರ್ಮಾನಿಸಿದ ಒಬ್ಬ ಮನುಷ್ಯ ಆತ. ಅವನ ಕೊನೆಯ ಗಂಟೆಗಳು ಹೇಗಿದ್ದವು, ಬಾಗಿಲು ಹಾಕಿಕೊಳ್ಳುವ ಮೊದಲು ಅವನು ಯಾರ ಧ್ವನಿ ಕೇಳಿಸಿಕೊಂಡ, ತನ್ನ ಮೇಲೆಯೇ ಸಂಶಯ ಬಂದಿತ್ತೇ? ಪ್ರೀಕ್ವೆಲ್ ಎಂಬುದಕ್ಕೆ ಯಾವುದಾದರೂ ಅರ್ಥ ಇರುವುದಾದರೆ ಅದು ಇಂಥ ಪ್ರಶ್ನೆಗಳ ಬಳಿ ಕುಳಿತುಕೊಳ್ಳುವುದರಲ್ಲಿದೆ. ಚಿತ್ರಮಂದಿರಕ್ಕೆ ಬಂದ ಆವೃತ್ತಿಯಲ್ಲಿ ಕಾಲಿನ್ ಎಂಬ ಆ ಪಾತ್ರಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ಮಾತುಗಳು. ಸಾವು ತೆರೆಯ ಹಿಂದೆಯೇ ನಡೆದು, ಕೊನೆಯಲ್ಲಿ ಹೆಣ ಮಾತ್ರ ಕಾಣಿಸುತ್ತದೆ. ವಿವರಣೆ ಬೇಡವಾಗಿದ್ದ ಕಡೆಗಳಲ್ಲೆಲ್ಲ ವಿವರಿಸಿದ ಚಿತ್ರ, ಬೇಕಾಗಿದ್ದ ಒಂದೇ ಒಂದು ಕಡೆ ಮುಖ ತಿರುಗಿಸಿಕೊಂಡು ಹೋಯಿತು.

ಭಯದ ವಿಷಯಕ್ಕೆ ಬಂದರೆ, ಎರಡು ಚಿತ್ರಗಳ ಅಂತರವನ್ನು ಅಳೆಯಲು ಪರೀಕ್ಷೆಯ ದೃಶ್ಯಗಳು ಸಾಕು. ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ 1938ರಲ್ಲಿ ಪ್ರಕಟಿಸಿದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆ ಈ ಎಲ್ಲದಕ್ಕೂ ಮೂಲ. ರಕ್ತದ ಪರೀಕ್ಷೆ ಅಲ್ಲಿಂದಲೇ ಬಂದದ್ದು. ಆ ಜೀವಿಯ ಒಂದೊಂದು ತುಣುಕೂ ಸ್ವತಂತ್ರ ಜೀವಿ, ಆದ್ದರಿಂದ ಅದರ ರಕ್ತವೂ ಸುಡುವ ತಂತಿ ತಾಗಿದರೆ ತನ್ನನ್ನು ಉಳಿಸಿಕೊಳ್ಳಲು ಹಾರುತ್ತದೆ ಎಂಬುದು ತರ್ಕ. ಕಾರ್ಪೆಂಟರ್ ಚಿತ್ರದಲ್ಲಿ ಕರ್ಟ್ ರಸೆಲ್ ನಟಿಸಿದ ಮೆಕ್‌ರೆಡಿ, ಸಂಗಡಿಗರನ್ನು ಸೋಫಾಕ್ಕೆ ಹಗ್ಗದಿಂದ ಕಟ್ಟಿಸಿ, ಎಲ್ಲರ ಹೆಬ್ಬೆರಳು ಕೊಯ್ಯಿಸಿ ರಕ್ತವನ್ನು ಗಾಜಿನ ತಟ್ಟೆಗಳಲ್ಲಿ ಹಿಡಿದು, ತಾಮ್ರದ ತಂತಿಯನ್ನು ಕಾಯಿಸಿ ಒಂದೊಂದಕ್ಕೇ ಅದ್ದುತ್ತಾನೆ. ಪ್ರತಿ ಸಲವೂ ‘ಚುಂಯ್’ ಎಂದು ಸದ್ದಾಗಿ ತಂತಿ ಆರುತ್ತದೆ. ಕೆಲವೇ ಹೊತ್ತಿನ ಮೊದಲು ತಾನೇ ಗುಂಡಿಕ್ಕಿ ಕೊಂದ ಕ್ಲಾರ್ಕ್‌ನ ರಕ್ತವೂ ಬರೀ ಸದ್ದು ಮಾಡುತ್ತದೆ. ಸತ್ತವನು ಮನುಷ್ಯನೇ ಆಗಿದ್ದ. ಹಾಗಾದರೆ ನೀನು ಕೊಲೆಗಾರ ಎಂದು ಕಟ್ಟಿಸಿಕೊಂಡವನೊಬ್ಬ ಹೇಳಿಯೇಬಿಡುತ್ತಾನೆ. ಪರೀಕ್ಷೆಯಲ್ಲಿ ಯಾರೋ ಪಾಸಾದರು ಎಂಬ ಸಮಾಧಾನಕ್ಕೂ ಇಲ್ಲಿ ವಿಷ ಬೆರೆತಿದೆ. ನೋಡುಗನ ಗಮನ ಶಿಬಿರದ ಮುಖ್ಯಸ್ಥ ಗ್ಯಾರಿಯ ಮೇಲಿರುವಾಗ, ಮೆಕ್‌ರೆಡಿ ಅವನ ಜೊತೆ ಮಾತಾಡುತ್ತಾ ನಿರ್ಲಕ್ಷ್ಯದಿಂದ ಪಾಮರ್‌ನ ತಟ್ಟೆಗೆ ತಂತಿ ಅದ್ದಿದಾಗ, ಮಾತು ಮುಗಿಯುವ ಮೊದಲೇ ರಕ್ತ ಕಿರುಚಿ ಹಾರುತ್ತದೆ. ಅದೇ ಸೋಫಾಕ್ಕೆ, ಅದೇ ಹಗ್ಗದಲ್ಲಿ, ಪಾಮರ್ ಜೊತೆ ಕಟ್ಟಿಸಿಕೊಂಡವರು ಇನ್ನೂ ಇದ್ದಾರೆ. ಎಷ್ಟು ಬಾರಿ ನೋಡಿದರೂ ನನಗೆ ಆ ಹಗ್ಗದ ಮೇಲೆಯೇ ಕಣ್ಣು ಹೋಗುತ್ತದೆ.

ಪ್ರೀಕ್ವೆಲ್‌ನವರು ಇದನ್ನೇ ಮತ್ತೆ ಮಾಡದೆ ಹೊಸದೊಂದು ಉಪಾಯ ಹುಡುಕಿದ್ದು ನಿಜಕ್ಕೂ ಮೆಚ್ಚಬೇಕಾದದ್ದು. ಆ ಜೀವಿ ಮಾಂಸವನ್ನು ಅನುಕರಿಸಬಲ್ಲದು, ಲೋಹವನ್ನು ಅನುಕರಿಸಲಾರದು. ಸ್ನಾನದ ಕೋಣೆಯಲ್ಲಿ ರಕ್ತದ ನಡುವೆ ಹಲ್ಲಿಗೆ ತುಂಬಿಸಿದ್ದ ಲೋಹದ ಚೂರುಗಳು ಬಿದ್ದಿರುವುದು ಚಿತ್ರದ ನಾಯಕಿ ಕೇಟ್‌ಗೆ ಸಿಗುತ್ತದೆ. ಒಬ್ಬ ಮನುಷ್ಯ ಅಲ್ಲಿ ಕರಗಿಹೋಗಿ, ಹೊಸ ದೇಹ ಬೇಡವೆಂದು ಉಗುಳಿದ್ದು ಅಷ್ಟೇ. ಇಡೀ ಚಿತ್ರದಲ್ಲಿ ನನ್ನ ಮೈ ಜುಮ್ಮೆಂದದ್ದು ಇಲ್ಲಿ ಮಾತ್ರ. ಅದರ ಮೇಲೆ ಅವಳು ಟಾರ್ಚ್ ಹಿಡಿದು ಎಲ್ಲರ ಬಾಯಿ ತೆರೆಸಿ ನೋಡುತ್ತಾಳೆ. ಹುಳುಕು ಹಲ್ಲು ತುಂಬಿಸಿಕೊಂಡವರು ಮನುಷ್ಯರು, ಒಳ್ಳೆಯ ಹಲ್ಲಿನವರು ಸಂಶಯಿತರು. ಈ ಪರೀಕ್ಷೆ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ ಎಂಬುದೇ ಅದರ ಸೊಗಸು. ನಿರಪರಾಧಿ ಎಂದು ತೋರಿಸಿಕೊಳ್ಳಲು ದಾರಿಯೇ ಇಲ್ಲದ ನಾಲ್ವರು ಒಂದು ಕಡೆ, ಬೆಂಕಿಯ ಯಂತ್ರ ಹಿಡಿದವರು ಇನ್ನೊಂದು ಕಡೆ. ಈ ಎರಡು ಗುಂಪುಗಳನ್ನು ಒಂದು ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ ಮಾತಾಡಿಸಿದ್ದರೆ ಸಾಕಿತ್ತು. ಚಿತ್ರಕ್ಕೆ ಅಷ್ಟು ತಾಳ್ಮೆ ಇಲ್ಲ. ಹೊರಗಿದ್ದವರು ಒಳನುಗ್ಗುತ್ತಾರೆ, ಗುಂಡು ಹಾರುತ್ತದೆ, ಸ್ಫೋಟವಾಗುತ್ತದೆ, ಮತ್ತೆ ಓಟ ಶುರು.

ಈ ಓಟವೇ ಜೀವಿಯ ಸ್ವಭಾವಕ್ಕೆ ವಿರುದ್ಧ. 1982ರ ಚಿತ್ರದಲ್ಲಿ ಅದರ ಶಕ್ತಿ ಇರುವುದು ಅಡಗಿಕೊಳ್ಳುವುದರಲ್ಲಿ. ಮನುಷ್ಯರ ನಡುವೆ ಅದು ಹೊರಬರುವುದು ಬೇರೆ ದಾರಿಯೇ ಇಲ್ಲದಾಗ, ಕಾದ ತಂತಿ ತಾಗಿದಾಗ, ಇಲ್ಲವೇ ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡಲು ಹೊರಟಾಗ. ಬ್ಲೇರ್ ಯಾವಾಗ ಬದಲಾದ, ನಾರಿಸ್ ಯಾವಾಗ ಬದಲಾದ ಎಂಬುದನ್ನು ಚಿತ್ರ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ನಾಯಿಯ ರೂಪದಲ್ಲಿ ಶಿಬಿರಕ್ಕೆ ಬಂದ ಜೀವಿ ಒಂದು ಕೋಣೆಯೊಳಗೆ ಹೋಗುತ್ತದೆ, ಗೋಡೆಯ ಮೇಲೆ ಒಬ್ಬನ ನೆರಳು ತಿರುಗುತ್ತದೆ, ಅಷ್ಟೇ. ಆ ನೆರಳು ಯಾರದ್ದು ಎಂದು ನೋಡುಗರು ಇಂದಿಗೂ ವಾದಿಸುತ್ತಿದ್ದಾರೆ. ಪ್ರೀಕ್ವೆಲ್‌ನಲ್ಲಿ ಜೀವಿ ಹಾರುತ್ತಿರುವ ಹೆಲಿಕಾಪ್ಟರಿನೊಳಗೆಯೇ ರೂಪ ಬದಲಿಸಿ, ತಾನು ಪಾರಾಗಬಹುದಾಗಿದ್ದ ವಾಹನವನ್ನೇ ಕೆಡವಿಕೊಳ್ಳುತ್ತದೆ. ಆಮೇಲೆ ಓಣಿ ಓಣಿಯಲ್ಲಿ ಅರಚುತ್ತಾ ಜನರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅಟ್ಟಿಸಿಕೊಂಡು ಬರುವ ಪ್ರಾಣಿಯಿಂದ ಓಡಿಹೋಗಬಹುದು. ಪಕ್ಕದಲ್ಲಿ ಕುಳಿತು ಊಟ ಮಾಡುತ್ತಿರುವವನಿಂದ ಎಲ್ಲಿಗೆ ಓಡುವುದು?

ಗ್ರಾಫಿಕ್ಸ್ ವಿಷಯ ಎಲ್ಲರಿಗೂ ಗೊತ್ತಿರುವುದೇ, ಆದರೂ ಅದನ್ನು ಬಿಡಲು ಮನಸ್ಸು ಬರುತ್ತಿಲ್ಲ. ಹಳೆಯ ಚಿತ್ರದ ಜೀವಿಗಳನ್ನು ರಬ್ಬರು, ಲೋಳೆ, ತಂತಿ, ಯಂತ್ರಗಳಿಂದ ಕೈಯಾರೆ ಮಾಡಿದ ರಾಬ್ ಬಾಟಿನ್‌ಗೆ ಆಗ ಇಪ್ಪತ್ತರ ಮೇಲೆ ಒಂದೆರಡು ವರ್ಷ ಮಾತ್ರ. ವರ್ಷಕ್ಕೂ ಹೆಚ್ಚು ಕಾಲ ಹಗಲಿರುಳು ದುಡಿದು ಅವರು ಕೊನೆಗೆ ಆಸ್ಪತ್ರೆ ಸೇರಬೇಕಾಯಿತು. ನಾಯಿಗಳ ಗೂಡಿನ ದೃಶ್ಯದ ಜೀವಿಗೆ ಸ್ಟ್ಯಾನ್ ವಿನ್‌ಸ್ಟನ್ ಕೈಜೋಡಿಸಿದರು. ನಾರಿಸ್‌ನ ಎದೆ ಬಾಯಿಯಂತೆ ತೆರೆದು ವೈದ್ಯನ ಎರಡೂ ಕೈಗಳನ್ನು ಕಚ್ಚಿ ತುಂಡರಿಸುವ ಕ್ಷಣಕ್ಕೆ, ಎರಡೂ ಕೈಗಳಿಲ್ಲದ ವ್ಯಕ್ತಿಯೊಬ್ಬರಿಗೆ ಕೃತಕ ಕೈಗಳನ್ನು ಜೋಡಿಸಿ ಚಿತ್ರೀಕರಿಸಿದ್ದರು. ಬೆಳಕು ಆ ಲೋಳೆಯ ಮೇಲೆ ನಿಜವಾಗಿ ಬಿದ್ದಿದೆ, ನಟರು ನಿಜವಾಗಿ ಅದರ ಎದುರು ನಿಂತಿದ್ದಾರೆ. 2011ರ ಚಿತ್ರಕ್ಕೂ ಅಲೆಕ್ ಗಿಲ್ಲಿಸ್ ಮತ್ತು ಟಾಮ್ ವುಡ್‌ರಫ್ ಜೂನಿಯರ್ ಅವರ ತಂಡ ಇದೇ ರೀತಿಯಲ್ಲಿ ಬೊಂಬೆಗಳನ್ನು ಮಾಡಿಕೊಟ್ಟಿತ್ತು, ಅವುಗಳೊಂದಿಗೆ ಚಿತ್ರೀಕರಣವೂ ನಡೆದಿತ್ತು. ಆಮೇಲೆ ಅವುಗಳ ಬಹುಭಾಗವನ್ನು ಕಂಪ್ಯೂಟರ್ ಗ್ರಾಫಿಕ್ಸಿನಿಂದ ಮುಚ್ಚಿಹಾಕಲಾಯಿತು. ಅನ್ಯಗ್ರಹ ನೌಕೆಯೊಳಗಿನ ಕೊನೆಯ ಭಾಗಕ್ಕಾಗಿ ಮಾಡಿದ್ದ ನೌಕೆಯ ಚಾಲಕ ಜೀವಿಯನ್ನೇ ತೆಗೆದುಹಾಕಿ, ಆ ಜಾಗದಲ್ಲಿ ಹೊಳೆಯುವ ಚೌಕಗಳ ಒಂದು ಕಂಬವನ್ನು ನಿಲ್ಲಿಸಿದರು. ಆ ತಂಡ ತನ್ನ ಮೂಲ ಕೆಲಸದ ತುಣುಕುಗಳನ್ನು ಯೂಟ್ಯೂಬಿನಲ್ಲಿ ಹಾಕಿದೆ. ಎಡ್ವರ್ಡ್‌ನ ಮುಖ ಕಿತ್ತುಬರುವ ಬೊಂಬೆಯನ್ನು ಅದರಲ್ಲಿ ನೋಡಿದಾಗ, ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಮುಚ್ಚಿಹಾಕುವ ಮನಸ್ಸಾದರೂ ಹೇಗೆ ಬಂತು ಎಂದು ಸಂಕಟವಾಯಿತು. ಗಿಲ್ಲಿಸ್ ಮುಂದೆ ಜನರಿಂದಲೇ ಹಣ ಸಂಗ್ರಹಿಸಿ, ಕೈಕೆಲಸದ ಜೀವಿಗಳನ್ನೇ ನೆಚ್ಚಿಕೊಂಡು 2015ರಲ್ಲಿ ‘ಹಾರ್ಬಿಂಜರ್ ಡೌನ್’ ಎಂಬ ಚಿತ್ರವನ್ನು ನಿರ್ದೇಶಿಸಿದರು.

ಸುಮಾರು 3.8 ಕೋಟಿ ಡಾಲರ್ ವೆಚ್ಚದ ಪ್ರೀಕ್ವೆಲ್ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಆದರೆ ಅದನ್ನು ನಾನು ಅದರ ವಿರುದ್ಧ ಹೇಳುವುದಿಲ್ಲ. 1.5 ಕೋಟಿ ಡಾಲರ್ ವೆಚ್ಚದ ಹಳೆಯ ಚಿತ್ರವೂ ಸೋತಿತ್ತು. ‘ಇ.ಟಿ.’ ಬಂದ ಎರಡೇ ವಾರದಲ್ಲಿ, ‘ಬ್ಲೇಡ್ ರನ್ನರ್’ ಬಂದ ದಿನವೇ, 1982ರ ಜೂನ್ 25ರಂದು ಅದು ಬಿಡುಗಡೆಯಾಯಿತು. ವಿಮರ್ಶಕರು ಅಸಹ್ಯಪಟ್ಟುಕೊಂಡರು, ಎನ್ನಿಯೊ ಮೊರಿಕೋನೆಯವರ ಸಂಗೀತಕ್ಕೆ ಕೆಟ್ಟ ಸಂಗೀತಕ್ಕೆ ಕೊಡುವ ರಾಝಿ ಎಂಬ ಅಣಕ ಪ್ರಶಸ್ತಿಯ ನಾಮನಿರ್ದೇಶನವೂ ಆಯಿತು. ಮನೆಮನೆಯ ವಿಡಿಯೋ ಕ್ಯಾಸೆಟ್ಟುಗಳೇ ಅದಕ್ಕೆ ಮರುಜನ್ಮ ಕೊಟ್ಟದ್ದು. ಮೊದಲ ಬಾರಿಗೆ ಕಡೆಗಣಿಸಿದ್ದನ್ನು ಎರಡನೆಯ ಬಾರಿ ಕಂಡುಕೊಳ್ಳಲು ಅಲ್ಲಿ ಏನೋ ಇತ್ತು. ಪ್ರೀಕ್ವೆಲ್ ಅನ್ನು ಅದೇ ಆಸೆಯಿಂದ ಮತ್ತೆ ನೋಡಿದೆ. ಹಲ್ಲಿನ ದೃಶ್ಯವೊಂದನ್ನು ಬಿಟ್ಟರೆ ಹೊಸದಾಗಿ ಏನೂ ಸಿಗಲಿಲ್ಲ.

ಅದು ಕೈಬಿಟ್ಟ ಇನ್ನೊಂದು ಅವಕಾಶ ಭಾಷೆಯದ್ದು. ಹಳೆಯ ಚಿತ್ರದ ಆರಂಭದಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ನಾರ್ವೆಯವನು, ಅದು ನಾಯಿಯಲ್ಲ, ದೂರ ಹೋಗಿ ಎಂದು ತನ್ನ ಭಾಷೆಯಲ್ಲಿ ಕೂಗಿಕೂಗಿ ಹೇಳುತ್ತಾನೆ. ಅಮೆರಿಕನ್ನರಿಗೆ ಅರ್ಥವಾಗುವುದಿಲ್ಲ, ಅವನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಪೇಟೆಯಲ್ಲಿ ಕೇಳಿಬರುವ ಊರಿನವಳಾದ ನನಗೆ ಆ ದೃಶ್ಯ ಎಂದೂ ಸುಲಭವಾಗಿ ಕಳೆದುಹೋದದ್ದಲ್ಲ. ನಾರ್ವೆಯವರದ್ದೇ ಕಥೆ ಹೇಳುವಾಗ ಇದನ್ನು ಎಷ್ಟು ಬೆಳೆಸಬಹುದಿತ್ತು! ಅವರ ನಡುವೆ ಭಾಷೆ ತಿಳಿಯದ ಅಮೆರಿಕನ್ನರು ಇದ್ದಾರೆ, ಇಂಗ್ಲಿಷ್ ಬಾರದ ಲಾರ್ಸ್ ಇದ್ದಾನೆ, ಎದುರಿನವನು ಪಿಸುಗುಟ್ಟಿದ್ದು ನನ್ನ ಬಗ್ಗೆಯೇ ಎಂಬ ಸಂಶಯಕ್ಕೆ ಬೇಕಾದ ಎಲ್ಲವೂ ಇದೆ. ನಾರ್ವೆಯ ನಟರು ತಮ್ಮ ಭಾಷೆಯಲ್ಲಿ ಮಾತಾಡುವ ಕೆಲವು ದೃಶ್ಯಗಳು ಚೆನ್ನಾಗಿಯೂ ಇವೆ. ಆದರೆ ಕಥೆಯ ಚುಕ್ಕಾಣಿಯನ್ನು ಅಮೆರಿಕದಿಂದ ಕರೆಸಿಕೊಂಡ ಕೇಟ್ ಲಾಯ್ಡ್ ಎಂಬ ವಿಜ್ಞಾನಿಯ ಕೈಗೆ ಕೊಟ್ಟುಬಿಟ್ಟರು. ಮೇರಿ ಎಲಿಜಬೆತ್ ವಿನ್‌ಸ್ಟೆಡ್ ಆ ಪಾತ್ರವನ್ನು ಗಂಭೀರವಾಗಿ, ಅತಿರೇಕವಿಲ್ಲದೆ ನಿರ್ವಹಿಸಿದ್ದಾರೆ, ತಪ್ಪು ಅವರದ್ದಲ್ಲ. ಆದರೆ ಆ ಶಿಬಿರದಲ್ಲಿ ಸತ್ತವರ ಹೆಸರುಗಳನ್ನು ಚಿತ್ರ ಮುಗಿದ ಮೇಲೆ ನೆನಪಿಸಿಕೊಳ್ಳಲು ಹೋದರೆ ನಾಲ್ಕೈದು ಹೆಸರೂ ಬರುವುದಿಲ್ಲ.

ಇನ್ನು ಯಾವುದನ್ನು ಮೊದಲು ನೋಡಬೇಕು ಎಂಬ ಪ್ರಶ್ನೆ. ಕಳೆದ ಮಳೆಗಾಲದಲ್ಲಿ, ಮಣಿಪಾಲದಲ್ಲಿ ಓದುತ್ತಿರುವ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದಾಗ, ‘ಅಕ್ಕ, ಕಥೆ ನಡೆದ ಕ್ರಮದಲ್ಲೇ ನೋಡುವ, ಹೊಸದು ಮೊದಲು, ಹಳೆಯದು ಆಮೇಲೆ’ ಎಂದ. ಅವನ ಇಷ್ಟದಂತೆಯೇ ಎರಡನ್ನೂ ಆ ಕ್ರಮದಲ್ಲಿ ನೋಡಿದೆವು. ಪ್ರೀಕ್ವೆಲ್ ಮುಗಿಯುವುದು ಲಾರ್ಸ್ ಬಂದೂಕು ಹಿಡಿದು, ಹೆಲಿಕಾಪ್ಟರ್ ಹತ್ತಿ, ಹಿಮದಲ್ಲಿ ಓಡುವ ನಾಯಿಯನ್ನು ಬೆನ್ನಟ್ಟುವಲ್ಲಿಗೆ. ಹಳೆಯ ಚಿತ್ರ ಶುರುವಾಗುವುದು ಅಲ್ಲಿಂದಲೇ. ಆ ನಾಯಿ ಅಮೆರಿಕನ್ ಶಿಬಿರದೊಳಗೆ ಕಾಲಿಟ್ಟಾಗ ಅವನು, ‘ಅಯ್ಯೋ, ಅದನ್ನು ಒಳಗೆ ಬಿಡ್ಬೇಡಿ ಮಾರ್ರೆ’ ಎಂದು ಕೂಗಿದ. ಐದು ನಿಮಿಷ ಅದೂ ಒಂದು ಬಗೆಯ ಆತಂಕವೇ ಆಗಿತ್ತು ಎಂದು ಒಪ್ಪುತ್ತೇನೆ. ಆಮೇಲೆ ಪಾತ್ರಗಳಿಗೆ ವಿಷಯ ಯಾವಾಗ ತಿಳಿಯುತ್ತದೆಂದು ಕಾಯುವುದಷ್ಟೇ ಅವನ ಪಾಲಿಗೆ ಉಳಿಯಿತು. ನಾರ್ವೆಯವರ ಪಾಳು ಶಿಬಿರದ ದೃಶ್ಯ ಬಂದಾಗ ಅವನು ಕೊಡಲಿಯನ್ನು ಗುರುತಿಸಿ, ಶವವನ್ನು ಗುರುತಿಸಿ, ಮೊಬೈಲ್ ಎತ್ತಿಕೊಂಡ. ನಾನು ಮೊದಲ ಬಾರಿ ಅದೇ ದೃಶ್ಯವನ್ನು ನೋಡಿದಾಗ ನಾಯಿಯನ್ನು ಕೊಲ್ಲಲು ಬಂದವರ ಮೇಲೆ ಸಿಟ್ಟುಗೊಂಡು, ನಾಯಿ ಬದುಕಿದ್ದಕ್ಕೆ ಸಮಾಧಾನಪಟ್ಟು, ಆ ಪಾಳಿನಲ್ಲಿ ಏನೂ ಅರ್ಥವಾಗದೆ ಕುಳಿತಿದ್ದೆ. ಗೂಡಿನ ಕತ್ತಲೆಯಲ್ಲಿ ನಾಯಿಯ ಮುಖ ಹೂವಿನ ಎಸಳಿನಂತೆ ಸೀಳಿದಾಗ ನನ್ನ ಆ ಸಮಾಧಾನವೇ ನನ್ನ ಮೇಲೆ ತಿರುಗಿ ಬಿದ್ದಿತ್ತು. ಆ ಪೆಟ್ಟು ಅವನಿಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ.

ಆದ್ದರಿಂದ ಎರಡನ್ನೂ ನೋಡದಿರುವವರು ದಯವಿಟ್ಟು 1982ರದ್ದನ್ನೇ ಮೊದಲು ನೋಡಿ, ಸಾಧ್ಯವಾದರೆ ಅದರ ಬಗ್ಗೆ ಇದಕ್ಕಿಂತ ಹೆಚ್ಚು ಏನನ್ನೂ ಓದದೆ ನೋಡಿ. ಪ್ರೀಕ್ವೆಲ್‌ನ ಮೊದಲ ಅರ್ಧ ಗಂಟೆ, ಮಂಜುಗಡ್ಡೆಯೊಳಗಿನ ಆಕೃತಿಯನ್ನು ಶಿಬಿರಕ್ಕೆ ತಂದು, ನಾರ್ವೆಯವರು ಕುಡಿದು ಹಾಡುತ್ತಿರುವವರೆಗಿನ ಭಾಗ, ಆಮೇಲೆ ಯಾವಾಗಲಾದರೂ ನೋಡಲು ಯೋಗ್ಯವಾಗಿದೆ. ಹಲ್ಲಿನ ಪರೀಕ್ಷೆಯವರೆಗೂ ಮುಂದುವರಿಯಬಹುದು. ಯೂಟ್ಯೂಬಿನಲ್ಲಿರುವ ಆ ಬೊಂಬೆಗಳ ತುಣುಕುಗಳನ್ನು ಮಾತ್ರ ಎಲ್ಲ ಮುಗಿದ ಮೇಲೆ ನೋಡಿ. ಮೊದಲೇ ನೋಡಿಬಿಟ್ಟರೆ, ಚಿತ್ರದ ಉದ್ದಕ್ಕೂ ಗ್ರಾಫಿಕ್ಸಿನ ಕೆಳಗೆ ಏನಿತ್ತೆಂದು ಕಣ್ಣು ಹುಡುಕುತ್ತಲೇ ಇರುತ್ತದೆ.